ಪಾಠ ಆರಿಸಿಕೊಳ್ಳುವ ಹಕ್ಕು: ಅರ್ಥಶಾಸ್ತ್ರ ಓದಿದವರ ಒಂದು ಚರಿತ್ರೆ

ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಪದವಿ ಕಾಲೇಜುಗಳ ಕಚೇರಿಯ ಮುಂದೆ ಮಕ್ಕಳು ಅರ್ಜಿ ತುಂಬುತ್ತಾ ನಿಲ್ಲುತ್ತಾರೆ. ಬಿ.ಎ.ಗೆ ಸೇರುವವರು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: 'ಎಚ್‌ಇಪಿ ತೆಗೆದುಕೊಳ್ಳಲೋ, ಎಚ್‌ಇಎಸ್ ತೆಗೆದುಕೊಳ್ಳಲೋ?' ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಸೇರಿದರೆ ಮೊದಲನೆಯದು. ರಾಜ್ಯಶಾಸ್ತ್ರದ ಜಾಗದಲ್ಲಿ ಸಮಾಜಶಾಸ್ತ್ರ ಬಂದರೆ ಎರಡನೆಯದು. ಉತ್ತರವನ್ನು ಹೆಚ್ಚಿನ ಸಲ ಹೇಳುವುದು ಗುಮಾಸ್ತರು, ಇಲ್ಲವೇ ಒಂದು ವರ್ಷ ಮುಂದಿರುವ ಗೆಳೆಯರು. ಯಾವುದು ಸುಲಭ, ಯಾವುದಕ್ಕೆ ಗೈಡ್ ಸಿಗುತ್ತದೆ, ಯಾವುದರಲ್ಲಿ ಸೀಟು ಉಳಿದಿದೆ ಎಂಬುದರ ಮೇಲೆ ಮೂರು ವರ್ಷದ ಓದು ನಿರ್ಧಾರವಾಗಿಬಿಡುತ್ತದೆ.

ಇದನ್ನು ಸಣ್ಣ ವಿಷಯ ಎಂದು ತಳ್ಳಿಹಾಕುವ ಹಾಗಿಲ್ಲ. ಯಾವ ಪಾಠ ಕಲಿಯಬೇಕು, ಯಾರಿಂದ ಕಲಿಯಬೇಕು, ಎಷ್ಟು ಕಾಲ ಕಲಿಯಬೇಕು ಎಂಬುದನ್ನು ವಿದ್ಯಾರ್ಥಿಯೇ ನಿರ್ಧರಿಸುವ ಹಕ್ಕು ಹಲವು ಕಾಲಗಳಲ್ಲಿ ಇತ್ತು, ಹಲವು ಕಾಲಗಳಲ್ಲಿ ಇರಲಿಲ್ಲ. ಕೆಲವರಿಗೆ ಮಾತ್ರ ಇದ್ದುದೂ ಉಂಟು. ಆ ಹಕ್ಕು ಸಿಕ್ಕವರು ಅದನ್ನು ಹೇಗೆ ಬಳಸಿಕೊಂಡರು ಎಂದು ನೋಡಿದರೆ ನಮ್ಮ ಮಕ್ಕಳಿಗೆ ಏನು ಕಡಿಮೆಯಾಗಿದೆ ಎಂಬುದು ಸ್ವಲ್ಪ ಸ್ಪಷ್ಟವಾಗುತ್ತದೆ.

ಗುರುವನ್ನು ಹುಡುಕಿ ಹೋದ ಕಾಲ

ಮಧ್ಯಯುಗದ ಇಸ್ಲಾಮಿ ಜಗತ್ತಿನಲ್ಲಿ ವಿದ್ಯಾರ್ಥಿ ಪ್ರಮಾಣಪತ್ರ ಪಡೆಯುತ್ತಿದ್ದದ್ದು ಸಂಸ್ಥೆಯಿಂದಲ್ಲ, ಗುರುವಿನಿಂದ. ಒಂದು ಗ್ರಂಥವನ್ನು ಗುರುವಿನ ಮುಂದೆ ಓದಿ ಮುಗಿಸಿದ ಮೇಲೆ, ಅದನ್ನು ಇತರರಿಗೆ ಕಲಿಸಲು ಗುರು ನೀಡುತ್ತಿದ್ದ ಅನುಮತಿಯೇ 'ಇಜಾಝತ್'. ಆದ್ದರಿಂದ ವಿದ್ಯಾರ್ಥಿ ಮೊದಲು ಹುಡುಕುತ್ತಿದ್ದದ್ದು ವ್ಯಕ್ತಿಯನ್ನು. ತೂಸ್‌ನಲ್ಲಿ ಹುಟ್ಟಿದ ಇಮಾಮ್ ಗಝ್ಝಾಲಿ ನಿಶಾಪುರಕ್ಕೆ ಹೋದದ್ದು ಅಲ್ಲಿ ಇಮಾಮುಲ್ ಹರಮೈನ್ ಜುವೈನಿ ಇದ್ದರು ಎಂಬ ಕಾರಣಕ್ಕೆ. ಮದ್ರಸಾಗಳಲ್ಲಿ ವಕ್ಫ್ ಆಸ್ತಿಯ ಆದಾಯದಿಂದ ವಿದ್ಯಾರ್ಥಿಗಳ ಊಟ ವಸತಿ ನಡೆಯುತ್ತಿತ್ತು. ಹೊಟ್ಟೆಯ ಚಿಂತೆ ತೀರಿದ್ದರಿಂದಲೇ ಬಡವರ ಮಕ್ಕಳಿಗೂ ಗುರುವನ್ನು ಆರಿಸಿಕೊಳ್ಳುವುದು ಸಾಧ್ಯವಾಗಿತ್ತು.

ಓದನ್ನು ನಿಭಾಯಿಸುವ ಬಗೆಯನ್ನು ಕುರಿತು ಆ ಕಾಲದಲ್ಲೇ ಗಂಭೀರವಾಗಿ ಯೋಚಿಸಿದವರು ಇಬ್ನು ಖಲ್ದೂನ್ (1332-1406). 1377ರಲ್ಲಿ ಬರೆದ 'ಮುಖದ್ದಿಮಾ'ದಲ್ಲಿ ಅವರು ದುಡಿಮೆ, ತೆರಿಗೆ, ಬೆಲೆ, ನಗರಗಳ ಏಳುಬೀಳುಗಳ ಬಗ್ಗೆ ಬರೆದ ಮಾತುಗಳನ್ನು ಇಂದಿನ ಅರ್ಥಶಾಸ್ತ್ರಜ್ಞರು ಆಸಕ್ತಿಯಿಂದ ಓದುತ್ತಾರೆ. ಅದೇ ಗ್ರಂಥದ ಕೊನೆಯ ಭಾಗದಲ್ಲಿ ಬೋಧನೆಯ ಕುರಿತು ಇರುವ ಅಧ್ಯಾಯಗಳು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಅವರ ಪ್ರಕಾರ ಒಂದು ವಿಷಯವನ್ನು ಮೂರು ಸುತ್ತಿನಲ್ಲಿ ಕಲಿಯಬೇಕು. ಮೊದಲ ಸುತ್ತಿನಲ್ಲಿ ಸ್ಥೂಲ ಪರಿಚಯ, ಎರಡನೆಯದರಲ್ಲಿ ವಿವರ ಮತ್ತು ಭಿನ್ನಾಭಿಪ್ರಾಯಗಳು, ಮೂರನೆಯದರಲ್ಲಿ ಉಳಿದ ಕಗ್ಗಂಟುಗಳು. ಪಾಠ ಪಾಠಗಳ ನಡುವೆ ದೀರ್ಘ ಅಂತರ ಬಿದ್ದರೆ ಕಲಿತದ್ದು ಮರೆತುಹೋಗುತ್ತದೆ. ಒಂದೇ ಸಮಯದಲ್ಲಿ ಎರಡು ವಿಷಯಗಳನ್ನು ಹೇರಿದರೆ ಮನಸ್ಸು ಹಂಚಿಹೋಗಿ ಎರಡೂ ಕೈಗೆ ಹತ್ತುವುದಿಲ್ಲ. ಅತಿಯಾಗಿ ಸಂಕ್ಷೇಪಿಸಿದ ಕೈಪಿಡಿಗಳು ವಿದ್ಯಾರ್ಥಿಗೆ ಉಪಕಾರಕ್ಕಿಂತ ಹಾನಿಯನ್ನೇ ಮಾಡುತ್ತವೆ. ವಿದ್ಯಾರ್ಥಿಗಳ ಮೇಲೆ ಕಠೋರವಾಗಿ ವರ್ತಿಸಿದರೆ ಅವರು ಸುಳ್ಳು ಮತ್ತು ಕಪಟ ಕಲಿಯುತ್ತಾರೆ ಎಂದೂ ಅವರು ಎಚ್ಚರಿಸಿದ್ದಾರೆ. ಆರು ನೂರು ವರ್ಷಗಳ ಹಿಂದಿನ ಈ ಮಾತುಗಳನ್ನು ಇಂದಿನ ಗೈಡ್ ಪುಸ್ತಕಗಳ ಪಕ್ಕದಲ್ಲಿಟ್ಟು ನೋಡಬೇಕು.

ಭಾರತದಲ್ಲಿ 18ನೇ ಶತಮಾನದಲ್ಲಿ ಲಕ್ನೋದ ಫಿರಂಗಿ ಮಹಲ್‌ನ ಮುಲ್ಲಾ ನಿಝಾಮುದ್ದೀನ್ ಅವರ ಹೆಸರಿನ 'ದರ್ಸೆ ನಿಝಾಮಿ' ಪಠ್ಯಕ್ರಮ ರೂಪುಗೊಂಡಿತು. ಯಾವ ವಿಷಯಕ್ಕೆ ಯಾವ ಗ್ರಂಥ ಎಂಬುದು ಅದರಲ್ಲಿ ನಿಗದಿಯಾಗಿತ್ತು. ಇದರಿಂದ ಕಲಿಕೆಗೆ ಶಿಸ್ತು ಬಂತು, ದೂರದ ಊರುಗಳಲ್ಲೂ ಒಂದೇ ಮಟ್ಟ ಕಾಯ್ದುಕೊಳ್ಳಲು ಅನುಕೂಲವಾಯಿತು. ಜೊತೆಗೆ ಆಯ್ಕೆಯ ಅವಕಾಶ ಕಿರಿದಾಯಿತು. ಆಯ್ಕೆ ಮತ್ತು ಶಿಸ್ತಿನ ನಡುವಿನ ಈ ಎಳೆದಾಟ ಮುಂದೆ ಆಧುನಿಕ ವಿಶ್ವವಿದ್ಯಾನಿಲಯಗಳಲ್ಲೂ ಮುಂದುವರಿಯಿತು.

ಆರು ತಿಂಗಳ ಲೆಕ್ಕ

'ಸೆಮಿಸ್ಟರ್' ಎಂಬ ಮಾತು ಲ್ಯಾಟಿನ್ ಮೂಲದ್ದು. ಆರು ತಿಂಗಳ ಅವಧಿ ಎಂದು ಅದರ ಅರ್ಥ. ಅದು ವಿಶ್ವವಿದ್ಯಾನಿಲಯದ ಪದವಾಗಿ ನೆಲೆಯೂರಿದ್ದು ಜರ್ಮನಿಯಲ್ಲಿ. ಅಲ್ಲಿ ವರ್ಷಕ್ಕೆ ಚಳಿಗಾಲದ ಮತ್ತು ಬೇಸಗೆಯ ಎರಡು ಸೆಮಿಸ್ಟರ್‌ಗಳಿದ್ದವು. 19ನೇ ಶತಮಾನದ ಜರ್ಮನ್ ವಿದ್ಯಾರ್ಥಿಗೆ ತನಗೆ ಬೇಕಾದ ಉಪನ್ಯಾಸ ಆರಿಸಿಕೊಳ್ಳುವ, ಒಂದು ವಿಶ್ವವಿದ್ಯಾನಿಲಯದಿಂದ ಇನ್ನೊಂದಕ್ಕೆ ಹೋಗುವ ಸ್ವಾತಂತ್ರ್ಯವಿತ್ತು. ಅಲ್ಲಿ ಓದಿ ಮರಳಿದ ಅಮೆರಿಕನ್ನರು ಈ ಪದ್ಧತಿಯನ್ನು ತಮ್ಮ ದೇಶಕ್ಕೆ ತಂದರು. 1869ರಿಂದ 1909ರ ತನಕ ಹಾರ್ವರ್ಡ್‌ನ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಎಲಿಯಟ್ ಕಡ್ಡಾಯ ಪಾಠಗಳನ್ನು ಒಂದೊಂದಾಗಿ ಕಡಿಮೆ ಮಾಡಿ ಐಚ್ಛಿಕ ಪಾಠಗಳನ್ನು ಹೆಚ್ಚಿಸುತ್ತಾ ಹೋದರು. ನ್ಯೂಯಾರ್ಕಿನ ಕೊಲಂಬಿಯಾದಲ್ಲಿ 1880ರಲ್ಲಿ ರಾಜ್ಯಶಾಸ್ತ್ರದ ಉನ್ನತ ಅಧ್ಯಯನ ವಿಭಾಗ ಆರಂಭವಾಯಿತು. ಅರ್ಥಶಾಸ್ತ್ರ, ಇತಿಹಾಸ, ಸಮಾಜಶಾಸ್ತ್ರಗಳು ಅದರ ನೆರಳಿನಲ್ಲೇ ಬೆಳೆದವು.

ಬ್ರಿಟನ್ನಿನ ದಾರಿ ಬೇರೆ. ಕೇಂಬ್ರಿಜ್‌ನಲ್ಲಿ ಅರ್ಥಶಾಸ್ತ್ರ ಬಹುಕಾಲ ನೀತಿಶಾಸ್ತ್ರದ ಒಂದು ಭಾಗವಾಗಿತ್ತು. ಆಲ್ಫ್ರೆಡ್ ಮಾರ್ಷಲ್ ಅವರ ಪ್ರಯತ್ನದಿಂದ 1903ರಲ್ಲಷ್ಟೇ ಅದಕ್ಕೆ ಸ್ವತಂತ್ರ ಪರೀಕ್ಷೆ ಬಂತು. ಮುಂದೆ ಈ ಶಾಸ್ತ್ರದ ದಿಕ್ಕನ್ನೇ ಬದಲಿಸಿದ ಕೇನ್ಸ್ ಪದವಿ ಪಡೆದದ್ದು ಗಣಿತದಲ್ಲಿ. ಮಾರ್ಷಲ್ ಅವರಲ್ಲಿ ಅರ್ಥಶಾಸ್ತ್ರ ಕಲಿತದ್ದು ಕೆಲವೇ ವಾರ.

ಭಾರತದಲ್ಲಿ 1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದರಾಸು ವಿಶ್ವವಿದ್ಯಾನಿಲಯಗಳು ಹುಟ್ಟಿದಾಗ ಮಾದರಿಯಾದದ್ದು ಲಂಡನ್ ವಿಶ್ವವಿದ್ಯಾನಿಲಯ. ಪಾಠ ಮಾಡುವುದು ಕಾಲೇಜು, ಪರೀಕ್ಷೆ ನಡೆಸುವುದು ವಿಶ್ವವಿದ್ಯಾನಿಲಯ. ಪಾಠ ಹೇಳುವವನಿಗೆ ಪ್ರಶ್ನೆಪತ್ರಿಕೆಯ ಮೇಲೆ ಹಿಡಿತವಿಲ್ಲ, ಪ್ರಶ್ನೆ ಕೇಳುವವನಿಗೆ ವಿದ್ಯಾರ್ಥಿಯ ಪರಿಚಯವಿಲ್ಲ. ಇಂಥ ಏರ್ಪಾಡಿನಲ್ಲಿ ಆಯ್ಕೆಗೆ ಹೆಚ್ಚು ಜಾಗ ಇರಲು ಸಾಧ್ಯವಿರಲಿಲ್ಲ. ಇಂದಿಗೂ ನಮ್ಮ ಹೆಚ್ಚಿನ ಕಾಲೇಜುಗಳು ಆ ಅಚ್ಚಿನಲ್ಲೇ ಇವೆ.

ಸಂಸ್ಕೃತ ಸಿಗದ ಹುಡುಗ

ಆಯ್ಕೆಯ ಹಕ್ಕು ಇಲ್ಲದಿರುವುದು ಎಂದರೇನು ಎಂಬುದಕ್ಕೆ ಡಾ. ಬಿ.ಆರ್. ಅಂಬೇಡ್ಕರ್ ಅವರ ಶಾಲಾ ದಿನಗಳಿಗಿಂತ ದೊಡ್ಡ ಸಾಕ್ಷಿ ಬೇಡ. ಅವರಿಗೆ ಸಂಸ್ಕೃತ ಕಲಿಯುವ ಆಸೆಯಿತ್ತು. ಅಸ್ಪೃಶ್ಯ ಜಾತಿಯ ಹುಡುಗನಿಗೆ ಸಂಸ್ಕೃತ ಕಲಿಸಲು ಶಿಕ್ಷಕರು ಒಪ್ಪಲಿಲ್ಲ. ಅವರು ಪಾರ್ಸಿ ಭಾಷೆಯನ್ನು ತೆಗೆದುಕೊಳ್ಳಬೇಕಾಯಿತು. ಪಾರ್ಸಿಯ ಬಾಗಿಲಲ್ಲಿ ಯಾರೂ ಜಾತಿ ಕೇಳಲಿಲ್ಲ ಎಂಬುದು ನಾವು ನೆನಪಿಡಬೇಕಾದ ಸಂಗತಿ. ಹಾಗೆಂದು ಅದು ಆಯ್ಕೆ ಎನಿಸಿಕೊಳ್ಳುವುದಿಲ್ಲ. ಒಂದು ಬಾಗಿಲು ಮುಚ್ಚಿದ್ದರಿಂದ ಇನ್ನೊಂದನ್ನು ತಟ್ಟಬೇಕಾಗಿ ಬಂತು, ಅಷ್ಟೆ.

1913ರಲ್ಲಿ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕ್‌ವಾಡರ ವಿದ್ಯಾರ್ಥಿವೇತನ ಸಿಕ್ಕಿತು. ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷದ ಅವಧಿ. ಆ ವರ್ಷದ ಜುಲೈಯಲ್ಲಿ ಅಂಬೇಡ್ಕರ್ ನ್ಯೂಯಾರ್ಕ್ ತಲುಪಿ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಸೇರಿದರು. ಸಂಸ್ಕೃತ ಬೇಕೆಂದು ಕೇಳಿ ಇಲ್ಲವೆನಿಸಿಕೊಂಡಿದ್ದ ವಿದ್ಯಾರ್ಥಿಯ ಮುಂದೆ ಈಗ ಒಂದು ಇಡೀ ಪಾಠಪಟ್ಟಿ ತೆರೆದುಕೊಂಡಿತು.

ಅವರು ಏನನ್ನು ಆರಿಸಿಕೊಂಡರು? ಮೂರು ವರ್ಷಗಳಲ್ಲಿ ಅರ್ಥಶಾಸ್ತ್ರದಲ್ಲಿ 29 ಪಾಠಗಳು, ಇತಿಹಾಸದಲ್ಲಿ 11, ಸಮಾಜಶಾಸ್ತ್ರದಲ್ಲಿ 6, ತತ್ವಶಾಸ್ತ್ರದಲ್ಲಿ 5, ಮಾನವಶಾಸ್ತ್ರದಲ್ಲಿ 4, ರಾಜಕೀಯದಲ್ಲಿ 3, ಆರಂಭಿಕ ಫ್ರೆಂಚ್ ಮತ್ತು ಜರ್ಮನ್ ಒಂದೊಂದು. ಒಟ್ಟು 60. ಸುಮಾರು ಅರ್ಧದಷ್ಟು ಅರ್ಥಶಾಸ್ತ್ರ, ಉಳಿದರ್ಧ ಅದರ ಸುತ್ತಮುತ್ತಲಿನ ಜ್ಞಾನ. ಅರ್ಥಶಾಸ್ತ್ರ ಓದಲು ಹೋದವರು ಮಾನವಶಾಸ್ತ್ರದ ತರಗತಿಯಲ್ಲಿ ಯಾಕೆ ಕೂರಬೇಕಿತ್ತು ಎಂದು ಕೇಳಬಹುದು. 1916ರ ಮೇ 9ರಂದು ಅಲೆಕ್ಸಾಂಡರ್ ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರದ ಸೆಮಿನಾರಿನಲ್ಲಿ ಅವರು ಒಂದು ಪ್ರಬಂಧ ಓದಿದರು. ಭಾರತದಲ್ಲಿ ಜಾತಿಗಳು ಹೇಗೆ ಹುಟ್ಟಿದವು, ಹೇಗೆ ಹಬ್ಬಿದವು ಎಂಬುದು ಅದರ ವಿಷಯ. ಜಾತಿಯೊಳಗೇ ಮದುವೆಯಾಗಬೇಕೆಂಬ ಕಟ್ಟಳೆಯೇ ಜಾತಿಯ ಜೀವಾಳ ಎಂದು ಅವರು ಅಲ್ಲಿ ವಾದಿಸಿದರು. ಮರುವರ್ಷ ಅದು 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚಾಯಿತು. ಇಂದಿಗೂ ಜಾತಿಯ ಬಗ್ಗೆ ಬರೆಯುವವರು ಅದನ್ನು ಓದದೆ ಮುಂದೆ ಹೋಗುವಂತಿಲ್ಲ. ತನ್ನ ಮುಖ್ಯ ವಿಷಯದ ಹೊರಗೆ ಆರಿಸಿಕೊಂಡ ಒಂದು ಪಾಠದ ಫಲ ಅದು.

ಜಾನ್ ಡ್ಯೂಯಿ ಅವರ ತತ್ವಶಾಸ್ತ್ರದ ತರಗತಿಗಳ ಪ್ರಭಾವ ಇನ್ನೂ ದೂರ ಹೋಯಿತು. ಪ್ರಜಾಪ್ರಭುತ್ವ ಒಂದು ಆಡಳಿತ ಪದ್ಧತಿ ಮಾತ್ರವಲ್ಲ, ಜನರು ಕೂಡಿ ಬಾಳುವ ರೀತಿ ಎಂಬ ಡ್ಯೂಯಿ ವಿಚಾರ 1936ರ 'ಜಾತಿ ವಿನಾಶ' ಕೃತಿಯಲ್ಲಿ ಮರುಹುಟ್ಟು ಪಡೆದಿದೆ. ಹಣಕಾಸು ವಿಷಯದಲ್ಲಿ ಗುರುವಾಗಿದ್ದವರು ಎಡ್ವಿನ್ ಸೆಲಿಗ್‌ಮನ್. ಅವರೂ ಜರ್ಮನಿಯಲ್ಲಿ ಓದಿ ಬಂದವರೇ. ಬ್ರಿಟಿಷ್ ಭಾರತದ ಪ್ರಾಂತೀಯ ಹಣಕಾಸಿನ ಬಗ್ಗೆ ಅಂಬೇಡ್ಕರ್ ಬರೆದ ಗ್ರಂಥ 1925ರಲ್ಲಿ ಪ್ರಕಟವಾದಾಗ ಅದಕ್ಕೆ ಮುನ್ನುಡಿ ಬರೆದವರು ಸೆಲಿಗ್‌ಮನ್.

1916ರಲ್ಲಿ ಅವರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಸೇರಿದರು. ಅಲ್ಲಿಯೂ ಅವರ ಪಟ್ಟಿಯಲ್ಲಿ ಮೆಕಿಂಡರ್ ಅವರ ಭೂಗೋಳ, ಹಾಬ್‌ಹೌಸ್ ಅವರ ಸಾಮಾಜಿಕ ಸಿದ್ಧಾಂತದ ಪಾಠಗಳಿದ್ದವು. ಆದರೆ ವಿದ್ಯಾರ್ಥಿವೇತನದ ಅವಧಿ ಮುಗಿದಿತ್ತು. 1917ರಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು ಊರಿಗೆ ಮರಳಬೇಕಾಯಿತು. ಬೊಂಬಾಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ ಹಣ ಕೂಡಿಸಿ, ಕೊಲ್ಹಾಪುರದ ಶಾಹು ಮಹಾರಾಜರ ನೆರವನ್ನೂ ಪಡೆದು 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. ಜರ್ಮನಿಯ ಬಾನ್ ವಿಶ್ವವಿದ್ಯಾನಿಲಯದಲ್ಲೂ ಹೆಸರು ನೋಂದಾಯಿಸಿದ್ದರು. ಆ ಓದು ಮುಂದುವರಿಯಲಿಲ್ಲ. ರೂಪಾಯಿಯ ಸಮಸ್ಯೆಯ ಬಗ್ಗೆ 1923ರ ಮಾರ್ಚಿನಲ್ಲಿ ಸಲ್ಲಿಸಿದ ಪ್ರೌಢಪ್ರಬಂಧ ಮೊದಲ ಸಲ ಅಂಗೀಕಾರವಾಗಲಿಲ್ಲ. ತಿದ್ದಿ ಆಗಸ್ಟಿನಲ್ಲಿ ಮತ್ತೆ ಕೊಟ್ಟರು. ನವೆಂಬರಿನಲ್ಲಿ ಅದಕ್ಕೆ ಮನ್ನಣೆ ಸಿಕ್ಕಿತು. 60 ಪಾಠಗಳ ಪಟ್ಟಿಯನ್ನು ಕಂಡು ಬೆರಗಾಗುವವರು ಈ ಆರು ವರ್ಷಗಳ ತಡೆಯನ್ನೂ ನೋಡಬೇಕು. ಪ್ರತಿಭೆ ಒಂದೇ ಇತ್ತು. ಹಣ ಇದ್ದಾಗ ಓದು ಓಡಿತು, ಹಣ ನಿಂತಾಗ ಓದೂ ನಿಂತಿತು.

ಬರ್ಲಿನ್‌ನಲ್ಲಿ ಝಾಕಿರ್ ಹುಸೈನ್

ಅದೇ ಹೊತ್ತಿಗೆ ಬರ್ಲಿನ್‌ನಲ್ಲಿ ಇನ್ನೊಬ್ಬ ಭಾರತೀಯ ಅರ್ಥಶಾಸ್ತ್ರ ಓದುತ್ತಿದ್ದರು. 1897ರಲ್ಲಿ ಹುಟ್ಟಿದ ಝಾಕಿರ್ ಹುಸೈನ್ ಮೊದಲು ಸೇರಿದ್ದು ವಿಜ್ಞಾನಕ್ಕೆ. ಕಾಯಿಲೆಯಿಂದ ಅದು ನಿಂತಿತು. ಆಮೇಲೆ ಅಲಿಘರ್‌ನ ಎಂ.ಎ.ಓ. ಕಾಲೇಜಿನಲ್ಲಿ ತತ್ವಶಾಸ್ತ್ರ, ಇಂಗ್ಲಿಷ್ ಸಾಹಿತ್ಯ ಮತ್ತು ಅರ್ಥಶಾಸ್ತ್ರ ಓದಿ 1918ರಲ್ಲಿ ಪದವಿ ಪಡೆದರು. ಎಂ.ಎ.ಗೆ ಅರ್ಥಶಾಸ್ತ್ರವನ್ನೇ ಆರಿಸಿಕೊಂಡರು. 1920ರಲ್ಲಿ ಅಸಹಕಾರ ಚಳವಳಿಯ ಕರೆ ಬಂದಾಗ ಸರಕಾರಿ ನೆರವಿನ ಕಾಲೇಜನ್ನು ಬಿಟ್ಟು, ಆ ವರ್ಷದ ಅಕ್ಟೋಬರ್ 29ರಂದು ಸ್ಥಾಪನೆಯಾದ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಕಡೆ ನಡೆದರು. ಪಾಠದ ಆಯ್ಕೆ ಅವರಿಗೆ ಬದುಕಿನ ಆಯ್ಕೆಯೂ ಆಯಿತು.

1922ರಲ್ಲಿ ಅವರು ಜರ್ಮನಿಗೆ ಹೋದರು. ಬಂಡವಾಳಶಾಹಿಯ ಇತಿಹಾಸಕಾರ ವರ್ನರ್ ಸೋಂಬಾರ್ಟ್ ಅವರ ಬಳಿ ಕಲಿತು, ಭಾರತದಲ್ಲಿ ಬ್ರಿಟಿಷರ ಕೃಷಿ ನೀತಿಯ ಬಗ್ಗೆ ಪ್ರಬಂಧ ಬರೆದು 1926ರಲ್ಲಿ ಡಾಕ್ಟರೇಟ್ ಪಡೆದರು. ಅವರು ಅಲ್ಲಿದ್ದಾಗಲೇ, 1923ರ ನವೆಂಬರಿನಲ್ಲಿ, ಒಂದು ಡಾಲರಿಗೆ 4 ಲಕ್ಷ 20 ಸಾವಿರ ಕೋಟಿ ಮಾರ್ಕ್ ಕೊಡಬೇಕಾದ ಸ್ಥಿತಿ ಬಂದಿತ್ತು. ಹಣದ ಮೌಲ್ಯ ಎಂಬ ಪಾಠವನ್ನು ಅವರು ಬೀದಿಯಲ್ಲೇ ನೋಡಿದರು. ಅದೇ ತಿಂಗಳು ಲಂಡನ್ನಿನಲ್ಲಿ ರೂಪಾಯಿಯ ಮೌಲ್ಯದ ಬಗ್ಗೆ ಅಂಬೇಡ್ಕರ್ ಬರೆದ ಪ್ರಬಂಧ ಅಂಗೀಕಾರವಾಗುತ್ತಿತ್ತು.

ಝಾಕಿರ್ ಸಾಹೇಬರು ಬರ್ಲಿನ್‌ನಲ್ಲಿ ಅರ್ಥಶಾಸ್ತ್ರಕ್ಕೇ ಅಂಟಿಕೊಳ್ಳಲಿಲ್ಲ. ಜರ್ಮನಿಯ ಶಿಕ್ಷಣ ಚಿಂತನೆಯನ್ನು ಆಸಕ್ತಿಯಿಂದ ಕಲಿತರು. ಅಲ್ಲಿನ ಕಾವಿಯಾನಿ ಮುದ್ರಣಾಲಯದಲ್ಲಿ ಗಾಲಿಬನ 'ದೀವಾನ್' ಅನ್ನು ಅಂದವಾಗಿ ಅಚ್ಚು ಹಾಕಿಸಿದರು. ಮೊಳೆ ಜೋಡಿಸುವ ಕೆಲಸಕ್ಕೂ ತಾವೇ ಕೈ ಹಚ್ಚಿದರು. ಊರಿಗೆ ಮರಳಿದಾಗ ಅವರಿಗೆ 29 ವರ್ಷ. ದಿಲ್ಲಿಗೆ ಸ್ಥಳಾಂತರವಾಗಿ ಹಣವಿಲ್ಲದೆ ಮುಚ್ಚುವ ಸ್ಥಿತಿಯಲ್ಲಿದ್ದ ಜಾಮಿಯಾವನ್ನು ಎರಡು ದಶಕಗಳ ಕಾಲ ನಡೆಸಿದರು. 1937ರಲ್ಲಿ ಗಾಂಧೀಜಿಯವರ ಮೂಲಶಿಕ್ಷಣ ಯೋಜನೆಯ ಸಮಿತಿಗೆ ಅಧ್ಯಕ್ಷರಾದರು. 1967ರಲ್ಲಿ ರಾಷ್ಟ್ರಪತಿಯಾದರು.

ಅವರ ಇನ್ನೊಂದು ಕೆಲಸವನ್ನೂ ಇಲ್ಲಿ ಹೇಳಬೇಕು. ಫ್ರೆಡರಿಕ್ ಲಿಸ್ಟ್ ಅವರ ರಾಷ್ಟ್ರೀಯ ಅರ್ಥಶಾಸ್ತ್ರವನ್ನೂ ಎಡ್ವಿನ್ ಕ್ಯಾನನ್ ಅವರ ಪ್ರವೇಶಿಕೆಯನ್ನೂ ಅವರು ಉರ್ದುವಿಗೆ ತಂದರು. ಈ ಕ್ಯಾನನ್ ಲಂಡನ್ನಿನಲ್ಲಿ ಅಂಬೇಡ್ಕರ್ ಅವರ ಗುರುವಾಗಿದ್ದವರು, ರೂಪಾಯಿಯ ಗ್ರಂಥಕ್ಕೆ ಮುನ್ನುಡಿ ಬರೆದವರು. ಒಬ್ಬ ಗುರುವಿನ ಪಾಠ ಒಬ್ಬರ ಮೂಲಕ ರೂಪಾಯಿಯ ಚರ್ಚೆಗೂ ಇನ್ನೊಬ್ಬರ ಮೂಲಕ ಉರ್ದು ಓದುಗರಿಗೂ ತಲುಪಿತು.

ಯಾವ ಭಾಷೆಯಲ್ಲಿ?

ಪಾಠ ಪಟ್ಟಿಯಲ್ಲಿದ್ದರೆ ಸಾಲದು, ಅರ್ಥವಾಗುವ ಭಾಷೆಯಲ್ಲೂ ಇರಬೇಕು. ಲಾಹೋರಿನಲ್ಲಿ ಅಧ್ಯಾಪಕರಾಗಿದ್ದ ಅಲ್ಲಾಮಾ ಇಕ್ಬಾಲ್ 1904ರಲ್ಲಿ 'ಇಲ್ಮುಲ್ ಇಖ್ತಿಸಾದ್' ಎಂಬ ಅರ್ಥಶಾಸ್ತ್ರದ ಪುಸ್ತಕ ಪ್ರಕಟಿಸಿದರು. ಮಹಾಕವಿಯ ಮೊದಲ ಪುಸ್ತಕ ಕವಿತೆಯದ್ದಲ್ಲ, ಅರ್ಥಶಾಸ್ತ್ರದ್ದು ಎಂಬುದು ಎಷ್ಟೋ ಮಂದಿಗೆ ಗೊತ್ತಿಲ್ಲ. ಬಡತನ ಮನುಷ್ಯ ಸಮಾಜಕ್ಕೆ ಅನಿವಾರ್ಯವೇ ಎಂಬ ಪ್ರಶ್ನೆ ಅದರ ಮುನ್ನುಡಿಯಲ್ಲೇ ಬರುತ್ತದೆ. ಹೈದರಾಬಾದಿನಲ್ಲಿ 1917ರಲ್ಲಿ ಅನುವಾದ ವಿಭಾಗವೂ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯವೂ ಸ್ಥಾಪನೆಯಾದವು. ಅಲ್ಲಿ ಉರ್ದುವೇ ಬೋಧನಾ ಮಾಧ್ಯಮ. ಅಲ್ಲಿನ ಪ್ರಾಧ್ಯಾಪಕ ಇಲ್ಯಾಸ್ ಬರ್ನಿ ಅರ್ಥಶಾಸ್ತ್ರಕ್ಕೆ 'ಮಆಶಿಯಾತ್' ಎಂಬ ಪದ ಬಳಸಿ ಪಠ್ಯಪುಸ್ತಕ ಬರೆದರು. ಇಖ್ತಿಸಾದ್ ಎಂದರೆ ಮಿತವ್ಯಯ, ಮಧ್ಯಮ ಮಾರ್ಗ. ಮಆಶ್ ಎಂದರೆ ಜೀವನೋಪಾಯ. ಹೊಸ ಶಾಸ್ತ್ರವೊಂದು ನಾಡಿನ ಭಾಷೆಗೆ ಬರುವಾಗ ಪದಗಳ ಆಯ್ಕೆಯೂ ವಿಚಾರದ ಆಯ್ಕೆಯೇ ಆಗಿರುತ್ತದೆ.

ಆಧುನಿಕ ಜ್ಞಾನವನ್ನು ಭಾರತೀಯ ಭಾಷೆಯಲ್ಲಿ ಕಲಿಸಬಹುದು ಎಂದು ತೋರಿಸಿದ್ದು ಉಸ್ಮಾನಿಯಾದ ಹಿರಿಮೆ. ಇದರ ಇನ್ನೊಂದು ಮುಖವನ್ನೂ ಪ್ರಾಮಾಣಿಕವಾಗಿ ನೋಡಬೇಕು. ಬೀದರ್, ಗುಲ್ಬರ್ಗ, ರಾಯಚೂರು ಆಗ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಲ್ಲಿನ ಕನ್ನಡ ಮನೆಮಾತಿನ ವಿದ್ಯಾರ್ಥಿಗೆ ಇಂಗ್ಲಿಷಿನ ಹಾಗೆ ಉರ್ದುವೂ ಮನೆಯ ಹೊರಗಿನ ಭಾಷೆಯೇ. ಸಂಸ್ಥಾನದ ಹೆಚ್ಚಿನ ಜನರು ತೆಲುಗು, ಮರಾಠಿ, ಕನ್ನಡ ಆಡುತ್ತಿದ್ದರು. ಒಬ್ಬರಿಗೆ ಬಾಗಿಲು ತೆರೆದದ್ದು ಇನ್ನೊಬ್ಬರಿಗೆ ಹೊಸ್ತಿಲಾಯಿತು. ಇಂದು ಕನ್ನಡದಲ್ಲಿ ಅರ್ಥಶಾಸ್ತ್ರ ಓದಿ ಸ್ನಾತಕೋತ್ತರಕ್ಕೆ ಹೋಗುವ ನಮ್ಮ ಹುಡುಗ ಹುಡುಗಿಯರು ಇಂಗ್ಲಿಷ್ ಗ್ರಂಥಗಳ ಮುಂದೆ ಎಡವುವುದೂ ಇಂಥದೇ ಹೊಸ್ತಿಲಿನಲ್ಲಿ.

ಪಟ್ಟಿ ಉದ್ದವಾಗಿದೆ, ಆಯ್ಕೆ ಎಲ್ಲಿದೆ?

ಈಗ ಸೆಮಿಸ್ಟರ್ ನಮ್ಮ ಹಳ್ಳಿಯ ಕಾಲೇಜಿಗೂ ಬಂದಿದೆ. 2015ರಲ್ಲಿ ಯುಜಿಸಿ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಯನ್ನು ದೇಶದಾದ್ಯಂತ ತರಲು ಹೊರಟಿತು. ಕರ್ನಾಟಕ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಮತ್ತು ಮುಕ್ತ ಐಚ್ಛಿಕ ವಿಷಯಗಳನ್ನು ಜಾರಿಗೆ ತಂದಿತು. ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಅಧ್ಯಕ್ಷತೆಯ ಆಯೋಗದ ಮಧ್ಯಂತರ ವರದಿಯ ಮೇಲೆ 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಹೀಗೆ ಕೆಲವೇ ವರ್ಷಗಳಲ್ಲಿ ನಿಯಮ ಎರಡು ಸಲ ಬದಲಾಯಿತು. ಕಾಗದದ ಮೇಲೆ ವಿದ್ಯಾರ್ಥಿ ಯಾವ ವಿಷಯವನ್ನಾದರೂ ಆರಿಸಿಕೊಳ್ಳಬಹುದು. ಆದರೆ ಕಾಲೇಜಿನಲ್ಲಿ ಅರ್ಥಶಾಸ್ತ್ರಕ್ಕೆ ಒಬ್ಬರೇ ಅತಿಥಿ ಉಪನ್ಯಾಸಕರಿದ್ದರೆ ಅವರು ಕಲಿಸುವುದೇ ಐಚ್ಛಿಕ, ಅದೇ ಕಡ್ಡಾಯ.

ಮುಸ್ಲಿಮರ ಮಟ್ಟಿಗೆ ಪ್ರಶ್ನೆ ಇನ್ನೂ ಹಿಂದಿನದು. ದೇಶದ ಪ್ರತಿಷ್ಠಿತ ಕಾಲೇಜುಗಳಲ್ಲಿ ಪದವಿ ಓದುವ 25 ಮಂದಿಯಲ್ಲಿ ಒಬ್ಬರು, ಸ್ನಾತಕೋತ್ತರ ಓದುವ 50 ಮಂದಿಯಲ್ಲಿ ಒಬ್ಬರು ಮಾತ್ರ ಮುಸ್ಲಿಮರು ಎಂದು 2006ರ ಸಾಚಾರ್ ವರದಿ ಹೇಳಿತ್ತು. ಅದರ ನಂತರ ಅಲ್ಪಸಂಖ್ಯಾತ ಸಂಶೋಧಕರಿಗಾಗಿ ಬಂದ ಮೌಲಾನಾ ಆಝಾದ್ ಫೆಲೋಶಿಪ್ ಅನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿತು. ಬರೋಡಾದ ಹಣ ನಿಂತಾಗ ಅಂಬೇಡ್ಕರ್ ಅವರ ಓದು ಏನಾಯಿತು ಎಂಬುದನ್ನು ನೋಡಿದ್ದೇವೆ. ಎಲ್ಲ ವಿದ್ಯಾರ್ಥಿಗಳಿಗೂ ಮೂರು ವರ್ಷ ದುಡಿದು ಮತ್ತೆ ಓದಿಗೆ ಮರಳುವ ಅವಕಾಶ ಸಿಗುವುದಿಲ್ಲ. ಹೆಣ್ಣು ಮಕ್ಕಳಿಗಂತೂ ನಡುವೆ ನಿಂತ ಓದು ಹೆಚ್ಚಾಗಿ ನಿಂತೇ ಹೋಗುತ್ತದೆ.

ಸರಕಾರವನ್ನು ಕೇಳುವುದರ ಜೊತೆಗೆ ನಮ್ಮಿಂದ ಆಗುವುದೂ ಇದೆ. ಜಮಾಅತ್‌ಗಳು, ಶಿಕ್ಷಣ ಟ್ರಸ್ಟ್‌ಗಳು ವಿದ್ಯಾರ್ಥಿವೇತನ ಕೊಡುವಾಗ ವೈದ್ಯಕೀಯ, ಇಂಜಿನಿಯರಿಂಗ್ ಓದುವವರನ್ನು ಮೊದಲು ನೆನೆಯುತ್ತವೆ. ಸಮಾಜದ ಲೆಕ್ಕಾಚಾರವನ್ನು ಅರಿತವರು, ಬಜೆಟ್ ಓದಬಲ್ಲವರು, ವಕ್ಫ್ ಆಸ್ತಿಯ ಆದಾಯ ವ್ಯಯವನ್ನು ವಿಶ್ಲೇಷಿಸಬಲ್ಲವರು ನಮಗೆ ಬೇಡವೇ? ಅರ್ಥಶಾಸ್ತ್ರ ಓದುವ ಒಂದಿಬ್ಬರಿಗಾದರೂ ಪೂರ್ತಿ ಅವಧಿಗೆ ಹಣದ ಭರವಸೆ ಕೊಟ್ಟರೆ ಅದು ಹತ್ತು ಮಂದಿಗೆ ಹಂಚಿದ ಸಣ್ಣ ಮೊತ್ತಕ್ಕಿಂತ ಹೆಚ್ಚು ಕೆಲಸ ಮಾಡೀತು.

ವಿದ್ಯಾರ್ಥಿಗಳಿಗೂ ಈ ಚರಿತ್ರೆಯಲ್ಲಿ ಕೆಲವು ಸೂಚನೆಗಳಿವೆ. ವಿಷಯದ ಹೆಸರು ನೋಡಿ ಅರ್ಜಿ ತುಂಬುವ ಮೊದಲು ಪಠ್ಯಕ್ರಮವನ್ನು ತರಿಸಿ ಓದಬೇಕು, ಯಾರು ಕಲಿಸುತ್ತಾರೆ ಎಂದು ವಿಚಾರಿಸಬೇಕು. ಅರ್ಥಶಾಸ್ತ್ರದಲ್ಲಿ ಮುಂದೆ ಹೋಗುವ ಮನಸ್ಸಿದ್ದರೆ ಗಣಿತ ಅಥವಾ ಸಂಖ್ಯಾಶಾಸ್ತ್ರವನ್ನು ಹೆದರಿ ಬಿಡಬಾರದು. ಇತಿಹಾಸವನ್ನೋ ಸಮಾಜಶಾಸ್ತ್ರವನ್ನೋ ಅಂಕಕ್ಕಾಗಿ ಮಾತ್ರ ಓದಬಾರದು. ಗೋಲ್ಡನ್‌ವೈಸರ್ ಅವರ ಸೆಮಿನಾರಿನಂಥ ಒಂದು ಅವಕಾಶ ಅಲ್ಲಿಯೇ ಕಾದಿರಬಹುದು. ಸೆಮಿಸ್ಟರ್ ಎಂದರೆ ಹೆಸರಿಗೆ ಆರು ತಿಂಗಳು. ರಜೆ, ಪರೀಕ್ಷೆ ಕಳೆದರೆ ಪಾಠಕ್ಕೆ ಉಳಿಯುವುದು ನಾಲ್ಕು ತಿಂಗಳ ಆಸುಪಾಸು. ಮೊದಲ ವಾರದಲ್ಲೇ ಇಡೀ ಪಠ್ಯವನ್ನು ಒಮ್ಮೆ ತಿರುವಿಹಾಕಿ, ನಂತರ ತರಗತಿಯ ಜೊತೆಗೆ ವಿವರವಾಗಿ ಓದಿ, ಕೊನೆಗೆ ತಿಳಿಯದ್ದನ್ನು ಅಧ್ಯಾಪಕರಲ್ಲಿ ಕೇಳಿದರೆ ಇಬ್ನು ಖಲ್ದೂನ್ ಹೇಳಿದ ಮೂರು ಸುತ್ತು ಮುಗಿಯುತ್ತದೆ. ನಾಲ್ಕಾರು ವಿಷಯಗಳನ್ನು ಒಟ್ಟಿಗೆ ಓದಲೇಬೇಕಾದ ಇಂದಿನ ವ್ಯವಸ್ಥೆಯಲ್ಲಿ ಒಂದು ದಿನಕ್ಕೆ ಒಂದೇ ವಿಷಯವನ್ನಾದರೂ ಮನಸ್ಸಿಟ್ಟು ಓದುವುದು ಕೈಯಲ್ಲಿರುವ ಮಾತು. ಪರೀಕ್ಷೆಯ ಹಿಂದಿನ ವಾರ ಗೈಡ್ ಕೊಂಡು ಬಾಯಿಪಾಠ ಮಾಡಿದ್ದು ಫಲಿತಾಂಶದ ದಿನದ ತನಕವೂ ನೆನಪಿನಲ್ಲಿರುವುದಿಲ್ಲ.

ಗುರು, ಗ್ರಂಥ, ಸಮಯ, ಹಣ, ಭಾಷೆ - ಈ ಐದೂ ಕೂಡಿದಾಗ ಮಾತ್ರ ಆಯ್ಕೆಗೆ ಅರ್ಥ ಬರುತ್ತದೆ. ಇವುಗಳಲ್ಲಿ ಒಂದೊಂದನ್ನೂ ನಮ್ಮ ಊರಿನ ಕಾಲೇಜಿಗೆ ತಂದುಕೊಡುವುದು ಪೋಷಕರ, ಜಮಾಅತ್‌ಗಳ, ಸರಕಾರದ ಮೇಲಿರುವ ಹೊಣೆ. ಅರ್ಜಿಯ ಹಾಳೆಯಲ್ಲಿ ಗುರುತು ಹಾಕುವ ಮಗುವಿಗೆ ತಾನು ನಿಜವಾಗಿ ಏನನ್ನೋ ಆರಿಸಿಕೊಳ್ಳುತ್ತಿದ್ದೇನೆ ಎನಿಸುವುದು ಆಗಲೇ.